ಎಂಟರ ಜಾಗದಲ್ಲಿ ಒಂಬತ್ತು

ನಮ್ಮ ನ್ಯಾಮತಿ ಈಗ ತಾಲ್ಲೂಕು ಕೇಂದ್ರ. ತಹಶೀಲ್ದಾರರು ಬಂದರು, ಕಚೇರಿಗೆ ಬೋರ್ಡು ಬಂತು, ಫೋನಿನ ಎಸ್‌ಟಿಡಿ ಕೋಡ್ ಮಾತ್ರ ಇವತ್ತಿಗೂ ಹೊನ್ನಾಳಿಯದೇ: ೦೮೧೮೮. ಚನ್ನಗಿರಿಯದು ೦೮೧೮೯. ಮೊಬೈಲ್ ಹಿಡಿದೇ ಬೆಳೆದವರಿಗೆ ಇವೆಲ್ಲ ಗೊತ್ತಿರುವುದಿಲ್ಲ. ನಾನು ಮರೆಯುವಂತಿಲ್ಲ. ಆ ಎರಡು ಕೋಡುಗಳ ನಡುವಿನ ಒಂದೇ ಒಂದು ಅಂಕಿಯಲ್ಲಿ ಎಡವಿ, ಅಕ್ಕನ ಮದುವೆಗೆ ಬರಬೇಕಾದ ನೆಂಟರ ಫೋನುಗಳನ್ನೆಲ್ಲ ಗುರುತಿಲ್ಲದವರ ಮನೆಗೆ ತಿರುಗಿಸಿದವಳು ನಾನು.

ಆಗ ಅಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಅದರಿಂದಾಗಿಯೇ ಮನೆಗೆ ಫೋನು ಬಂದಿತ್ತು. ನಾನು ಬಿ.ಎ. ಓದುತ್ತಿದ್ದೆ. ಮನೆಯಲ್ಲಿ ಹೆಚ್ಚು ಓದಿದವಳೆಂದು ಲಗ್ನಪತ್ರಿಕೆಯ ಕರಡು ತಿದ್ದಲು ನನ್ನನ್ನೇ ಹೊನ್ನಾಳಿಯ ಪ್ರೆಸ್ಸಿಗೆ ಕಳಿಸಿದರು. ಅಕ್ಕನ ಹೆಸರನ್ನು ಎರಡು ಸಲ ನೋಡಿದೆ. ‘ಸುಖಾಗಮನ ಬಯಸುವವರು’ ಎಂಬಲ್ಲಿದ್ದ ನನ್ನ ಹೆಸರನ್ನು ನಾಲ್ಕು ಸಲ ನೋಡಿದೆ. ಫೋನ್ ನಂಬರು ಅಂಕಿ ತಾನೇ, ಅದರಲ್ಲೇನು ಕಾಗುಣಿತ ತಪ್ಪುತ್ತದೆ ಎಂದು ಸಹಿ ಹಾಕಿ ಬಂದೆ.

ಕೋಡಿನ ಕೊನೆಯ ಎಂಟು, ಒಂಬತ್ತಾಗಿ ಅಚ್ಚಾಗಿತ್ತು. ನಮಗದು ತಿಳಿಯಲೇ ಇಲ್ಲ. ಹೊನ್ನಾಳಿಯವರು, ಸವಳಂಗದವರು ಕೋಡ್ ಇಲ್ಲದೆ ಬರೀ ನಂಬರು ತಿರುಗಿಸುತ್ತಿದ್ದರು, ಅವರ ಫೋನು ನೆಟ್ಟಗೆ ನಮ್ಮನೆಗೇ ಬರುತ್ತಿತ್ತು. ದಾವಣಗೆರೆ, ಶಿವಮೊಗ್ಗ, ಜಗಳೂರಿನವರದು ಮಾತ್ರ ಒಂದೂ ಬರಲಿಲ್ಲ. “ನೋಡಿದ್ಯಾ, ದೂರದೋರಿಗೆ ನಮ್ಮ ಮೇಲೆ ಎಷ್ಟು ಅಭಿಮಾನ ಐತೆ ಅಂತ” ಎಂದು ಅಪ್ಪ ಮುಖ ಊದಿಸಿಕೊಂಡಿದ್ದರು.

ಮದುವೆಗೆ ಆರು ದಿನ ಇರುವಾಗ ದಾವಣಗೆರೆಯ ಸೋದರತ್ತೆ ಚೀಲದ ಸಮೇತ ಬಂದಿಳಿದರು. ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಅಮ್ಮನನ್ನು ಕೇಳಿದರು: “ಫೋನಿನಾಗೆ ಮಾತಾಡಿದ್ರಲ್ಲ, ಅವರೆಲ್ಲಿ? ಏನ್ ಚೆಂದ ಮಾತಾಡ್ತಾರೆ! ಹರಿಹರದ ಬಸ್ಸು ಬ್ಯಾಡ, ಕುಂದ್ರಾಕೆ ಜಾಗ ಸಿಗಾದಿಲ್ಲ, ಬೆಳಗಿನ ನೇರ ಬಸ್ಸಿಗೆ ಬರ್ರಿ ಅಂದ್ರು.”

“ಯಾರು?” ಅಂದಳು ಅಮ್ಮ.

ನಾನು ಒಳಗೆ ಹೋಗಿ ಪತ್ರಿಕೆ ತೆಗೆದು ನೋಡಿದೆ. ಒಂಬತ್ತು ನನ್ನನ್ನೇ ನೋಡುತ್ತಿತ್ತು. ಅಪ್ಪ ಅಂಗಡಿಗೆ ಹೋಗುವುದನ್ನೇ ಕಾದು, ಚನ್ನಗಿರಿಯ ಕೋಡ್ ಹಾಕಿ ನಮ್ಮದೇ ನಂಬರು ತಿರುಗಿಸಿದೆ.

“ಹಲೋ, ಮದುವೆ ಮನೆ. ಹೇಳ್ರಿ” ಅಂದಿತು ಆ ಕಡೆಯಿಂದ ಹೆಂಗಸಿನ ದನಿ.

ನಾನು ರಿಸೀವರನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಕಿವಿಗಿಟ್ಟೆ.

“ಯಾವ ಕಡೇರು? ಹೆಣ್ಣಿನ ಕಡೇರೋ, ಗಂಡಿನ ಕಡೇರೋ?”

“ನಾನು… ಹೆಣ್ಣಿನ ತಂಗಿ.”

ಆಕೆ ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು ಬಂದು ಮತ್ತೆ ರಿಸೀವರ್ ಎತ್ತಿಕೊಂಡರು. “ಅಂತೂ ಫೋನ್ ಮಾಡಿದ್ಯಲ್ಲ ತಾಯಿ!”

ಆಕೆ ಬಸವಾಪಟ್ಟಣದವರು, ಬಾಲವಾಡಿಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮೊದಲೆರಡು ದಿನ ರಾಂಗ್ ನಂಬರ್ ಅಂದರಂತೆ. “ಕಾರ್ಡಿನಾಗೆ ಅಚ್ಚು ಹಾಕಿಸಿ ರಾಂಗ್ ನಂಬರ್ ಅಂತೀರಾ, ಕರೆಯಾಕೆ ಮನಸ್ಸಿಲ್ಲದಿದ್ರೆ ಯಾಕೆ ಕಾರ್ಡು ಕಳಿಸಿದ್ರಿ ಅಂತ ನಂಗೇ ಬೈದ್ರಮ್ಮ! ಮೂರನೇ ದಿನ ಒಬ್ಬರ ಹತ್ರ ಪೂರ್ತಿ ಕಾರ್ಡು ಓದಿಸಿ ಬರ್ಕಂಡೆ. ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನ ಕೇಳಿ ಬಂದೆ. ಶಿವಮೊಗ್ಗದೋರಿಗೆ ಸವಳಂಗದಾಗೆ ಇಳೀರಿ ಅಂದೀನಿ. ಸರಿ ಐತಲ್ಲ?”

ಸರಿ ಇತ್ತು. ಯಾರ್ಯಾರು ಬರುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗುವಿಗೆ ಹಾಲು ಬೇಕು, ಎಲ್ಲವನ್ನೂ ಹೇಳಿದರು. ಕೊನೆಗೆ ಅಂದರು: “ಜಗಳೂರಿನ ನಿಮ್ಮ ಚಿಕ್ಕಪ್ಪನೂ ಬರ್ತಾರೆ.”

ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹಿಂದೆ ಯಾವಾಗಲೋ ಇಬ್ಬರೂ ಫೋನಿನಲ್ಲಿ ಏನೋ ವಾದ ಮಾಡುತ್ತಿದ್ದಾಗ ಲೈನು ಕಟ್ಟಾಗಿತ್ತು. ಅವನೇ ಫೋನು ಕುಕ್ಕಿದ ಎಂದು ಅಪ್ಪ, ಅಣ್ಣ ಕುಕ್ಕಿದ ಎಂದು ಚಿಕ್ಕಪ್ಪ. ಅಮ್ಮ ಅಪ್ಪನಿಗೆ ಗೊತ್ತಾಗದಂತೆ ಅವರಿಗೂ ಒಂದು ಪತ್ರಿಕೆ ಅಂಚೆಗೆ ಹಾಕಿದ್ದಳು.

“ಅವರಿಗೆ ಏನಂದ್ರಿ?”

“ಪಾಪ, ನಾನು ಬಂದ್ರೆ ಅಣ್ಣ ಮುಖ ತಿರುಗಿಸ್ತಾನೇನೋ ಅಂದ್ರು. ಅಯ್ಯೋ, ದಿನಾ ನಿಮ್ಮ ಸುದ್ದೀನೇ, ತಮ್ಮ ಬರದಿದ್ರೆ ಧಾರೆ ಎರೆಯಾಕೆ ಕೈ ಬರಾದಿಲ್ಲ ಅಂತಾರೆ ಅಂದೆ.”

“ಯಾಕ್ರೀ ಹಂಗೆ ಹೇಳಿದ್ರಿ?”

“ಮತ್ತೆ, ಬರಬ್ಯಾಡ್ರಿ ಅನ್ನಾಕೆ ನಾನ್ಯಾರು? ಎಲ್ಲರನ್ನೂ ಬರ್ರಿ ಬರ್ರಿ ಅಂತ ಕರ್ದು ಗಂಟಲು ಒಣಗೈತೆ. ನನ್ನ ಮಾತ್ರ ಯಾರೂ ಕರೆದಿಲ್ಲ.”

ನಾನು ಅಲ್ಲೇ ಕರೆದೆ. ನನ್ನ ತಪ್ಪನ್ನು ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡೇ ಕರೆದೆ.

ಮದುವೆಯ ದಿನ ಅವರು ಹಸಿರು ಸೀರೆಯುಟ್ಟು, ಅಕ್ಕನಿಗೊಂದು ಕುಂಕುಮದ ಭರಣಿ ಹಿಡಿದು ಬಂದರು. ದನಿ ಕೇಳಿದ್ದೇ ತಡ, ದೂರದ ನೆಂಟರೆಲ್ಲ “ಓ, ಇವರೇ!” ಎಂದು ಸುತ್ತ ನೆರೆದರು. ನಮ್ಮ ಕಡೆಯವರು ಅವರನ್ನು ಗಂಡಿನ ಕಡೆಯವರೆಂದುಕೊಂಡರು, ಗಂಡಿನ ಕಡೆಯವರು ನಮ್ಮವರೆಂದುಕೊಂಡರು. ಇಬ್ಬರೂ ಬಡಿಸಿದ್ದಕ್ಕೆ ಅವರ ಎಲೆಯಲ್ಲಿ ಎರಡು ಹೋಳಿಗೆ ಹೆಚ್ಚೇ ಬಿದ್ದವು.

ಚಿಕ್ಕಪ್ಪ ಚಿಕ್ಕಮ್ಮನ ಹಿಂದೆ ಅಡಗಿದಂತೆ ಛತ್ರದೊಳಗೆ ಬಂದರು. ಅಪ್ಪ ನೋಡಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡರು. ನಾನು ಕಂಬದ ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ.

“ಅಣ್ಣಾ, ನಾನು ಬರದಿದ್ರೆ ಧಾರೆ ಎರೆಯಾಕೆ ಕೈ ಬರಾದಿಲ್ಲ ಅಂದ್ಯಂತೆ” ಅಂದರು ಚಿಕ್ಕಪ್ಪ.

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ತನಗೇನೂ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದಳು. ಚಿಕ್ಕಪ್ಪನ ಕಣ್ಣು ಆಗಲೇ ತುಂಬಿಕೊಂಡಿತ್ತು.

“ಹೂಂ, ಅಂದಿದ್ದೆ” ಅಂದರು ಅಪ್ಪ. “ಈಗೇನು? ಬಾ, ತಂಬಿಗೆ ಹಿಡ್ಕ.”

ಮದುವೆಯಾದ ಮೂರನೇ ದಿನಕ್ಕೆ ನನಗೆ ತಡೆಯಲಾಗಲಿಲ್ಲ. ಅಪ್ಪನ ಮುಂದೆ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತೆ. ಅಪ್ಪ ಎದ್ದು ಫೋನಿನ ಹತ್ತಿರ ಹೋಗಿ ಕುಳಿತರು. ಆಮೇಲೆ ಕೇಳಿದರು:

“ಆಯಮ್ಮನ ನಂಬರ್ ಎಷ್ಟು?”

“ನಮ್ಮದೇ ಅಪ್ಪಾ. ಕೋಡ್ ಮಾತ್ರ ಚನ್ನಗಿರಿದು.”

ಅಪ್ಪ ತಾವೇ ತಿರುಗಿಸಿದರು. ಯಾವತ್ತೂ ಯಾರಿಗೂ ಥ್ಯಾಂಕ್ಸ್ ಹೇಳಿದವರಲ್ಲ. “ಹೋಳಿಗೆ ಸರಿ ಇತ್ತೇನ್ರಿ?” ಎಂದು ಎರಡು ಸಲ ಕೇಳಿದರು. ಆ ಕಡೆಯಿಂದ ಏನೋ ಉದ್ದವಾದ ಮಾತು ಬಂತು. ಅಪ್ಪ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು.

“ನಿನ್ನ ಮದುವೆ ಯಾವಾಗ ಅಂತ ಕೇಳ್ತಾ ಇದಾರೆ. ಏನ್ ಹೇಳ್ಲಿ?”

“ರಾಂಗ್ ನಂಬರ್ ಅನ್ನಿ” ಎಂದು ಹೇಳಿ ನಾನು ಅಡುಗೆಮನೆಗೆ ಓಡಿದೆ.