ಆದಿಮಾನವನ ಏಕಾದಶಿ

2008ನೇ ಇಸವಿ, ಫೆಬ್ರವರಿ ತಿಂಗಳ ಮೂರನೇ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಾಸನದ ನಮ್ಮ ಮನೆಯ ಗೇಟಿನ ಮುಂದೆ ಹಾಜರಿದ್ದವರು ಮೂವರು: ನಾನು, ನನ್ನ ತಮ್ಮ, ಬಾಡಿಗೆ ಕಾರಿನ ಡ್ರೈವರ್. ಡ್ರೈವರ್ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಗಾಜು ಒರೆಸುತ್ತಿದ್ದ. ತಮ್ಮ ಬಂದಿದ್ದನೇನೋ ನಿಜ, ಆದರೆ ಕನ್ನಡಕ ಒಳಗೇ ಬಿಟ್ಟಿದ್ದ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತಳಾದವಳು. ಸೀಟಿ ಊದಿದ ಮೇಲೆ ಕನ್ನಡಕ ಹುಡುಕುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅವತ್ತಿನ ಕೆಲಸ ಎರಡು. ತಮ್ಮನ ಮಗಳ ಮದುವೆಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ನೆಂಟರನ್ನು ಕರೆಯುವುದು. ಸಂಜೆ ಹಾಸನಕ್ಕೆ ವಾಪಸಾಗಿ ಡಾಕ್ಟರಿಗೆ ತಮ್ಮನನ್ನು ತೋರಿಸುವುದು. ಕುಂಕುಮ ಕೊಟ್ಟು ಕರೆಯಲು ಹೆಂಗಸೊಬ್ಬರು ಬೇಕು, ನಾದಿನಿಗೆ ಮಂಡಿನೋವು, ಹಾಗಾಗಿ ನಾನು ಹೊರಟೆ.

ಡಾಕ್ಟರ ವಿಷಯ ಸ್ವಲ್ಪ ಹೇಳಬೇಕು. ತಮ್ಮ ಸಂಸ್ಕೃತದ ಮೇಷ್ಟ್ರಾಗಿದ್ದವನು. ರಕ್ತದಲ್ಲಿ ಸಕ್ಕರೆ ಏರಿ ಕೂತಿತ್ತು. ಮಾತ್ರೆಗಳಿಗೆ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಡಾಕ್ಟರು ಎಚ್ಚರಿಸಿದ್ದರು. ಇವನಿಗೆ ಲೋಕದಲ್ಲಿ ಹುಲಿ, ಹಾವು, ಹೆಡ್‌ಮಾಸ್ಟರು ಯಾರ ಭಯವೂ ಇಲ್ಲ; ಸೂಜಿ ಒಂದರ ಭಯ. ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ ಇವನೇ ರಜಾ ಹಾಕುತ್ತಿದ್ದ. ಅವನ ಮುಖ ನೋಡಿ ಡಾಕ್ಟರು ಎರಡು ತಿಂಗಳ ಗಡುವು ಕೊಟ್ಟು, ಪೇಲಿಯೋ ಎನ್ನುವ ಹೊಸ ಪಥ್ಯವೊಂದನ್ನು ಹೇಳಿದರು. ಮನುಷ್ಯ ನೇಗಿಲು ಹಿಡಿಯುವುದಕ್ಕೆ ಮುಂಚೆ ಏನು ತಿನ್ನುತ್ತಿದ್ದನೋ ಅಷ್ಟೇ ತಿನ್ನಬೇಕು. ಅಕ್ಕಿ, ರಾಗಿ, ಗೋಧಿ ಇಲ್ಲ. ಬೇಳೆ ಇಲ್ಲ. ಸಕ್ಕರೆ, ಹಾಲು ಇಲ್ಲ. ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಬೀಜಗಳು ತಿನ್ನಬಹುದು.

"ಮೊದಲಿನ ಮೂರು ನಮ್ಮಲ್ಲಿ ಇಲ್ಲ," ಎಂದ ತಮ್ಮ.

"ಹಾಗಾದ್ರೆ ಸೊಪ್ಪಿನಿಂದ ಶುರು ಮಾಡಿ," ಎಂದರು ಡಾಕ್ಟರು.

ಊಟದ್ದು ಹೇಗೋ ನಡೆಯಿತು. ಪಲ್ಯವನ್ನೇ ಅನ್ನದ ಹಾಗೆ ಕಲಸಿ ತಿಂದ. ಕಷ್ಟವಾದದ್ದು ನಾಲ್ಕು ಗಂಟೆಯ ತಿಂಡಿ. ಡಬ್ಬಿಯಿಂದ ತೆಗೆದು ಬಾಯಿಗೆ ಹಾಕಿಕೊಳ್ಳುವಂಥದ್ದು ಏನಾದರೂ ಬೇಕಿತ್ತು. ನಾನೇ ಹಾಸನದ ಕಾಂಡಿಮೆಂಟ್ಸ್ ಅಂಗಡಿಗಳನ್ನೆಲ್ಲ ಸುತ್ತಿದೆ. ಚಕ್ಕುಲಿ ಅಕ್ಕಿಹಿಟ್ಟು, ಖಾರಾಸೇವೆ ಕಡಲೆಹಿಟ್ಟು, ನಿಪ್ಪಟ್ಟು ಎರಡೂ, ಬಿಸ್ಕತ್ತು ಮೈದಾ. ಒಬ್ಬ ಅಂಗಡಿಯವನು ನನ್ನ ಷರತ್ತುಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದ: "ಅವೆಲ್ಲ ಬಿಟ್ಟು ಇನ್ನೊಂದೈತೆ ಅಮ್ಮಾರೆ. ಪ್ಲಾಸ್ಟಿಕ್ ಕವರು. ಕೊಡ್ಲಾ?"

ಕಡಲೆಕಾಯಿಯಾದರೂ ಇದೆಯಲ್ಲ ಎಂದು ತಮ್ಮ ನೆಮ್ಮದಿಯಾಗಿದ್ದ. ಅದು ಬೀಜವಲ್ಲ, ಬೇಳೆಯ ಜಾತಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ ದಿನ ಅವನು ಸಂಧ್ಯಾವಂದನೆಗೂ ಮನಸ್ಸಿಲ್ಲದೆ ಕೂತಿದ್ದ. ಕೊನೆಗೆ ನಾನು ಮಾಡಿಕೊಟ್ಟ ಡಬ್ಬಿ ಹೀಗಿತ್ತು: ಕೊಬ್ಬರಿ ಚೂರು, ಉಪ್ಪು ಮೆಣಸು ಹಾಕಿ ಹುರಿದ ಕುಂಬಳದ ಬೀಜ, ಬೆಟ್ಟದ ನೆಲ್ಲಿಕಾಯಿ, ಸೌತೆಕಾಯಿ ಹೋಳು, ನಾಲ್ಕೇ ನಾಲ್ಕು ಬಾದಾಮಿ. ಅವನು ಬಾದಾಮಿಯನ್ನು ಮೊದಲು ತಿಂದು, ಮಿಕ್ಕದ್ದನ್ನು ದನ ಮೆಲುಕು ಹಾಕಿದ ಹಾಗೆ ಅಗಿಯುತ್ತಿದ್ದ. ಆದರೂ ಸಕ್ಕರೆ ಇಳಿಯುತ್ತಾ ಬಂತು. ಈ ಭಾನುವಾರ ಸಂಜೆಯ ಪರೀಕ್ಷೆಯೇ ಕೊನೆಯದು. ಇಂಜೆಕ್ಷನ್ ಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನ.

ಮದುವೆಗೆ ಕರೆಯಲು ಹೋದವರನ್ನು ನಮ್ಮ ಕಡೆ ಬಾಯಿಗೆ ಏನೂ ಹಾಕದೆ ಕಳಿಸುವುದಿಲ್ಲ. ಬೇಡವೆಂದರೆ ಅವರಿಗೆ ಅವಮಾನ. ಅದಕ್ಕೇ ನಾನು ಪಂಚಾಂಗ ನೋಡಿ ಏಕಾದಶಿಯ ದಿನವನ್ನು ಆರಿಸಿದ್ದೆ. ಏಕಾದಶಿ ಎಂದರೆ ಯಾರೂ ಎಲೆ ಹಾಕುವುದಿಲ್ಲ. ಹೆಚ್ಚೆಂದರೆ ಬಾಳೆಹಣ್ಣು ಕೊಟ್ಟಾರು, ಅದನ್ನು ಚೀಲಕ್ಕೆ ಹಾಕಿಕೊಂಡರಾಯಿತು. ವ್ಯವಸ್ಥೆಯಲ್ಲಿ ಲೋಪವಿರಲಿಲ್ಲ.

ಗೊರೂರಿನ ಹತ್ತಿರ ಕಾರು ನಿಲ್ಲಿಸಿ ಡಬ್ಬಿ ತೆರೆದೆವು. ತಮ್ಮ ನೆಲ್ಲಿಕಾಯಿ ಕಚ್ಚಿ ಮುಖ ಹಿಂಡಿದ. ಡ್ರೈವರ್‌ಗೂ ಕುಂಬಳದ ಬೀಜ ಕೊಟ್ಟೆ.

"ಸಾ, ಡಾಕ್ಟ್ರು ಮೀನು ತಿನ್ನಿ ಅಂದವ್ರೆ ಅಂತೀರಿ. ಇಲ್ಲೇ ಡ್ಯಾಮಿನ್ ಮೀನು ಬಿಸಿಬಿಸಿ ಹುರ್ದು ಕೊಡ್ತಾರೆ. ಒಂದ್ ಕಿತ ನೋಡ್ಬೌದಲ್ವಾ?"

"ಏಕಾದಶಿ ದಿನ ಏನಪ್ಪಾ ಮಾತು ಇದು!"

"ಅಂಗಾರೆ ನಾಳೀಕೆ ಬರುಮಾ?"

ತಮ್ಮ ಎರಡು ಕಿವಿಯನ್ನೂ ಮುಚ್ಚಿಕೊಂಡು ಕಾರು ಹತ್ತಿದ.

ಅರಕಲಗೂಡಿನಲ್ಲಿ ನಮ್ಮ ಸೋದರತ್ತೆಯ ಸೊಸೆಯ ಮನೆ. ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, ಎದ್ದು ನಿಂತು, "ಇವತ್ತು ಏಕಾದಶಿ ಕಣಮ್ಮ, ಏನೂ ಮುಟ್ಟಲ್ಲ," ಎಂದೆ.

"ಗೊತ್ತಿಲ್ವೇ ಅತ್ತಿಗೆ ನನಗೆ! ಅದಕ್ಕೇ ಅನ್ನಕ್ಕೆ ಇಟ್ಟಿಲ್ಲ. ಫಲಾರ ಮಾಡಿದೀನಿ, ಕೂತ್ಕೊಳಿ," ಎಂದು ಅವಳು ತಟ್ಟೆ ತಂದಿಟ್ಟಳು. ರವೆ ಉಪ್ಪಿಟ್ಟು, ಗೋಪುರದ ಹಾಗೆ. "ಈರುಳ್ಳಿ ಹಾಕಿಲ್ಲ. ಧೈರ್ಯವಾಗಿ ತಿನ್ನಿ."

ಆಗ ನನಗೆ ಜ್ಞಾನೋದಯವಾಯಿತು. ನಮ್ಮ ಜನಕ್ಕೆ ಏಕಾದಶಿ ಎಂದರೆ ಅನ್ನ ತಿನ್ನದಿರುವುದು, ಅಷ್ಟೇ. ಅನ್ನ ಒಂದನ್ನು ಬಿಟ್ಟು ಮಿಕ್ಕ ಧಾನ್ಯಗಳೆಲ್ಲ ಅವತ್ತು ಒಲೆಯ ಮೇಲೆ ಹಾಜರಿರುತ್ತವೆ. ಬೇರೆ ಯಾವ ದಿನವಾಗಿದ್ದರೂ ಒಂದು ಲೋಟ ಕಾಫಿಯಲ್ಲಿ ಪಾರಾಗುತ್ತಿದ್ದೆವು.

ತಮ್ಮನ ಕಡೆ ಕಣ್ಣು ಬಿಟ್ಟೆ. ಅವನು ತಟ್ಟೆಯನ್ನು ನೋಡುತ್ತಿದ್ದ. ಎರಡು ತಿಂಗಳಿಂದ ಉಪ್ಪಿಟ್ಟಿನ ಮುಖ ಕಂಡವನಲ್ಲ.

"ಹೆಣ್ಣಿನ ಅಪ್ಪ ನೀವು. ನಮ್ಮನೇಲಿ ಒಂದು ತುತ್ತು ತಿನ್ನಲ್ಲ ಅಂದ್ರೆ ನಾವು ಮದುವೇಲಿ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರೋದು?" ಎಂದಳು ಅವಳು.

"ಅದೂ ನಿಜವೇ ಅಕ್ಕಾ," ಎಂದ ತಮ್ಮ. ಅಷ್ಟರಲ್ಲಿ ಅವನ ಬಾಯಿ ತುಂಬಿತ್ತು.

ಹೊಳೆನರಸೀಪುರದಲ್ಲಿ ನಾನು ಕಾರಿನಲ್ಲೇ ಆಜ್ಞೆ ಮಾಡಿದೆ: ಕೂರಬಾರದು, ನಿಂತೇ ಕರೆಯಬೇಕು. ನಿಂತೆವು. ನಿಂತವರ ಕೈಗೇ ಗೊಜ್ಜವಲಕ್ಕಿಯ ತಟ್ಟೆ ಬಂತು. ಆ ಮನೆಯ ಯಜಮಾನರು ನನ್ನ ತಮ್ಮನ ಜೊತೆ ಓದಿದವರು.

"ಅವನಿಗೆ ಶುಗರು," ಎಂದೆ, ಮರ್ಯಾದೆ ಬಿಟ್ಟು.

"ನನಗಿಲ್ವೇ? ನಮ್ಮಣ್ಣನಿಗಿಲ್ವೇ? ಈ ಬೀದೀಲಿ ಯಾರಿಗಿಲ್ಲ ಹೇಳಿ! ಅವಲಕ್ಕಿ ಹಗುರ ಅಕ್ಕಾವರೇ. ಗಾಳಿ ಇದ್ದಂಗೆ. ತಿನ್ನೋ ಮಾರಾಯ."

ಮಾರಾಯ ತಿಂದ. ಹೊರಗೆ ಕಟ್ಟೆಯ ಮೇಲೆ ಡ್ರೈವರ್ ಕೂಡ ಎರಡನೇ ತಟ್ಟೆ ಮುಗಿಸುತ್ತಿದ್ದ. "ನಿಮ್ಮೋರ ಉಪಾಸ ಭಾಳ ಚೆಂದಾಗೈತೆ ಅಮ್ಮಾರೆ. ನಾನೂ ಹಿಡೀಬೌದಾ?" ಎಂದು ಕೇಳಿದ.

ಚನ್ನರಾಯಪಟ್ಟಣದ್ದು ನಾದಿನಿಯ ತವರು. ಅಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಎಳನೀರು ಕುಡಿದು ಎದ್ದುಬಿಡಬಹುದು ಎಂದುಕೊಂಡಿದ್ದೆ. ಎಳನೀರೂ ಬಂತು. ಅದರ ಹಿಂದೆ ಗೋಧಿ ದೋಸೆ, ಕಾಯಿಚಟ್ನಿ, ಬಾಳೆಹಣ್ಣಿನ ರಸಾಯನ. "ಶುಗರ್‌ಗೆ ಗೋಧಿ ಅಂದ್ರೆ ಔಷಧಿ," ಎಂದು ಅವನ ಅತ್ತೆ, ಎಂಬತ್ತು ದಾಟಿದವರು, ಅಳಿಯನ ಪಕ್ಕದಲ್ಲೇ ಕೂತು ಬಡಿಸಿದರು. ಅವರ ಮುಂದೆ ನನ್ನ ಸೀಟಿ ನಡೆಯಲಿಲ್ಲ. ಒಳಗೆ ಹೆಂಗಸರಿಗೆ ಕುಂಕುಮ ಕೊಟ್ಟು ಬರುವಷ್ಟರಲ್ಲಿ ತಮ್ಮ ಕೈ ತೊಳೆದು ಸಾಧುವಿನ ಹಾಗೆ ನಿಂತಿದ್ದ. "ಎರಡೇ ಅಕ್ಕಾ," ಎಂದ, ನಾನು ಕೇಳುವ ಮೊದಲೇ.

ಹಾಸನದ ದಾರಿಯುದ್ದಕ್ಕೂ ಅವನ ಸಂತೋಷ ಸ್ವಲ್ಪಸ್ವಲ್ಪವೇ ಇಳಿಯಿತು. ಶಾಂತಿಗ್ರಾಮ ದಾಟಿದ ಮೇಲೆ ಮೆಲ್ಲಗೆ ಕೇಳಿದ: "ಅಕ್ಕಾ, ಇಂಜೆಕ್ಷನ್ ತೋಳಿಗೋ, ಹೊಟ್ಟೆಗೋ?"

"ಹೊಟ್ಟೆಗೆ."

ಅವನು ಎರಡೂ ಕೈಯನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟುಕೊಂಡ.

ಡಾಕ್ಟರ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಮಿಷನ್ನಿನಲ್ಲಿ ನೋಡುವ ಏರ್ಪಾಡಿತ್ತು. ಮಣಿಕಟ್ಟನ್ನು ನಾನು ಹಿಡಿದೆ. ತಮ್ಮ ಕಣ್ಣು ಮುಚ್ಚಿ, ಹೊರಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ವಿಷ್ಣುಸಹಸ್ರನಾಮ ಹೇಳಿದ. ಡಾಕ್ಟರು ಮಿಷನ್ ನೋಡಿ ಹುಬ್ಬು ಗಂಟಿಕ್ಕಿದರು.

"ಇವತ್ತು ಏನೇನು ತಿಂದ್ರಿ ಮೇಷ್ಟ್ರೇ?"

"ಏಕಾದಶಿ ಡಾಕ್ಟ್ರೇ. ಉಪವಾಸ," ಎಂದ ತಮ್ಮ. ಸುಳ್ಳು ಹೇಳುತ್ತಿರಲಿಲ್ಲ, ಅವನ ಮನಸ್ಸಿನಲ್ಲಿ ಅದು ಉಪವಾಸವೇ.

"ಏನೂ ತಿನ್ನದೇ ಇಷ್ಟು ಏರಿದ್ಯಾ? ಹಾಗಾದ್ರೆ ಇನ್ನು ಕಾಯೋ ಹಾಗಿಲ್ಲ. ನಾಳೆಯಿಂದಲೇ ಇಂಜೆಕ್ಷನ್." ಚೀಟಿ ಎಳೆದುಕೊಂಡು ಬರೆಯತೊಡಗಿದರು.

ನಾನು ಎದ್ದು ನಿಂತೆ. "ಬರೀಬೇಡಿ ಡಾಕ್ಟ್ರೇ. ಅರಕಲಗೂಡಿನಲ್ಲಿ ಉಪ್ಪಿಟ್ಟು, ಹೊಳೆನರಸೀಪುರದಲ್ಲಿ ಗೊಜ್ಜವಲಕ್ಕಿ, ಚನ್ನರಾಯಪಟ್ಟಣದಲ್ಲಿ ಗೋಧಿ ದೋಸೆ, ರಸಾಯನ."

"ಅಕ್ಕಾ! ಅದೆಲ್ಲ ಫಲಾರ!" ತಮ್ಮ ಕೆಂಪಗಾದ. "ನಲವತ್ತು ವರ್ಷದಿಂದ ಏಕಾದಶಿ ಬಿಟ್ಟವನಲ್ಲ ನಾನು. ಒಂದಗುಳು ಅನ್ನ ಮುಟ್ಟಿದ್ರೆ ಕೇಳಿ!"

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವೇ ಹೇಳಿಬಿಡಿ ಮೇಷ್ಟ್ರೇ. ಉಪವಾಸ ಇದ್ದಿದ್ದು ಹೌದು ಅಂದ್ರೆ ಇಂಜೆಕ್ಷನ್. ತಿಂದಿದ್ದೀರಿ ಅಂದ್ರೆ ಯೋಚನೆ ಮಾಡೋಣ."

ತಮ್ಮ ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡಿದ. ಟ್ರೇಯಲ್ಲಿದ್ದ ಸಿರಿಂಜನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಎಷ್ಟು ತಿಂದಿದ್ರೆ ಇಂಜೆಕ್ಷನ್ ಇಲ್ಲ ಡಾಕ್ಟ್ರೇ?"

"ಎಷ್ಟು ತಿಂದಿದ್ದೀರೋ ಅಷ್ಟು ಹೇಳಿ."

"ದೋಸೆ ಎರಡಲ್ಲ, ಐದು. ಅಕ್ಕ ಒಳಗೆ ಹೋಗಿದ್ದಳು. ರಸಾಯನ ಎರಡು ಬಟ್ಟಲು. ಉಪ್ಪಿಟ್ಟಿಗೆ ತುಪ್ಪ ಹಾಕಿಸಿಕೊಂಡೆ. ಅವಲಕ್ಕಿ ಮೇಲೆ ಒಂದು ಲೋಟ ಹಾಲು, ಸಕ್ಕರೆ ಹಾಕಿದ್ದು. ಆಮೇಲೆ..." ಜೇಬಿಗೆ ಕೈ ಹಾಕಿ ಹುರಿದ ಕಡಲೆಕಾಯಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ಇದು ಅರ್ಧ ಆಗಿದೆ."

ಡಾಕ್ಟರು ಬಹಳ ಹೊತ್ತು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಕೊನೆಗೆ ಹೇಳಿದರು: "ಇಷ್ಟೆಲ್ಲ ತಿಂದೂ ಇಷ್ಟಕ್ಕೇ ನಿಂತಿದೆ ಅಂದ್ರೆ ಮಾತ್ರೆ ಚೆನ್ನಾಗೇ ಕೆಲಸ ಮಾಡ್ತಿದೆ. ಇಂಜೆಕ್ಷನ್ ಸದ್ಯಕ್ಕೆ ಬೇಡ. ಪಥ್ಯ ಮುಂದುವರಿಸಿ. ಇನ್ನು ಮೇಲೆ ಏಕಾದಶಿ ದಿನ ಮಾತ್ರ ದಯವಿಟ್ಟು ಉಪವಾಸ ಮಾಡಬೇಡಿ."

ಚೀಟಿ ಹರಿದು ಬುಟ್ಟಿಗೆ ಹಾಕಿದರು. ತಮ್ಮ ಅವರ ಎರಡೂ ಕೈ ಹಿಡಿದುಕೊಂಡ, ಬೆರಳಿಗೆ ಒತ್ತಿಕೊಂಡಿದ್ದ ಹತ್ತಿಯ ಸಮೇತ.

ಚೀಲದಲ್ಲಿ ಇನ್ನೊಂದು ಲಗ್ನಪತ್ರಿಕೆ ಇತ್ತು, ಅದು ಡಾಕ್ಟರಿಗೇ. ಅವರ ಮನೆ ಮಹಡಿಯ ಮೇಲೆ. ಹತ್ತಿ ಹೋಗಿ ಡಾಕ್ಟರ ಹೆಂಡತಿಗೆ ಕುಂಕುಮ ಕೊಟ್ಟು, ಕುಟುಂಬ ಸಮೇತ ಬರಬೇಕು ಎಂದೆವು. ಆಕೆ ಬಲು ಒಳ್ಳೆಯ ಹೆಣ್ಣುಮಗಳು. "ಬರೀ ಬಾಯಲ್ಲಿ ಹೋಗ್ತೀರಾ? ಒಂದು ನಿಮಿಷ ಕೂತ್ಕೊಳಿ, ಒಲೆ ಮೇಲೆ ಶಾವಿಗೆ..." ಎನ್ನುವಷ್ಟರಲ್ಲಿ ಕೆಳಗಿನಿಂದ ಡಾಕ್ಟರ ದನಿ ಕೇಳಿಸಿತು:

"ಏನೂ ಕೊಡಬೇಡ ಕಣೇ! ನೀರು ಕೊಟ್ಟು ಕಳಿಸು!"

ನಿಂತುಕೊಂಡೇ ನೀರು ಕುಡಿದೆವು. ಪತ್ರಿಕೆ ಆಕೆಯ ಕೈಗೆ ಸೇರಿತು. ಅವತ್ತು ಕರೆಯಬೇಕಾದವರನ್ನೆಲ್ಲ ಕರೆದಾಯಿತು.