ಕರಕರ ಎನ್ನುವ ತವರ

ಶಂಕ್ರಪ್ಪ ಹೋದಮೇಲೆ ಶಿರಸಿಯ ಆ ಗಲ್ಲಿಯಲ್ಲಿ ನಡೆಯುವುದನ್ನು ನಾನು ಬಿಟ್ಟಿದ್ದೇನೆ. ಅವನ ಬೆಸುಗೆ ಅಂಗಡಿ ಇದ್ದಲ್ಲಿ ಈಗ ಮೊಬೈಲಿಗೆ ಕರೆನ್ಸಿ ಹಾಕಿಕೊಡುತ್ತಾರೆ.

ತೊಂಬತ್ತರ ದಶಕದ ಮೊದಲಲ್ಲಿ ಕೆಟ್ಟ ರೇಡಿಯೋ ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಒಳಗಿನ ತಂತಿಗಳು ಹಸಿರುಗಟ್ಟಿದ್ದವು. ಅವನು ಬಗ್ಗಿ ನೋಡಿ, "ಇದಕ್ಕ ಆಸಿಡ್ ಹಚ್ಚಿದವ್ರು ಯಾರ್ರೀ ಮಾಸ್ತರ? ಬಕೆಟ್ ಅಂತ ತಿಳಿದಿದ್ರೇನು?" ಎಂದ. ಹಚ್ಚಿದವನು ನಾನೇ ಎಂದು ಅವನಿಗೆ ಗೊತ್ತಾಗಿತ್ತು. ಗೆಳೆತನ ಶುರುವಾದದ್ದು ಹಾಗೆ.

ಬೆಸುಗೆ ಕೂರಬೇಕಾದರೆ ಮೊದಲು ಲೋಹದ ಮುಖ ತೊಳೆಯಬೇಕು, ಒಂದೊಂದು ಮುಖಕ್ಕೆ ಒಂದೊಂದು ನೀರು ಎನ್ನುತ್ತಿದ್ದ. ತಂತಿಗೆ ರಾಳ, ಅದು ಅಲ್ಲೇ ಉಳಿದರೂ ಕೊರೆಯುವುದಿಲ್ಲ. ತಗಡಿನ ಬಕೆಟ್ಟಿಗೆ ಸತುವಿನ ಚೂರು ಕರಗಿಸಿದ ಆಸಿಡ್. ಕೆಲಸ ಮುಗಿದೊಡನೆ ತೊಳೆಯಲೇಬೇಕು. ಹಿತ್ತಾಳೆಯ ಹಿಡಿಕೆ ಭಾರ ತಡೆಯಬೇಕಾದರೆ ಬಿಳಿಗಾರ, ದೊಡ್ಡ ಬೆಂಕಿ, ಬೆಳ್ಳಿ ಬೆರೆತ ಬೆಸುಗೆ. ಬಕೆಟ್ಟಿಗೂ ತೋಟಕ್ಕೆ ಔಷಧಿ ಹೊಡೆಯುವ ಪಂಪಿಗೂ ಸೀಸ ಬೆರೆತ ಬೆಸುಗೆ ಕಡ್ಡಿ ಸಾಕು. ಉಣ್ಣುವ ಪಾತ್ರೆಗೆ ಮಾತ್ರ ಅಪ್ಪಟ ತವರ. ನಮ್ಮ ಕಡೆ ಅಡುಗೆಯಲ್ಲಿ ಹುಳಿಯೇ ಹೆಚ್ಚು. ಹುಳಿ ಸೀಸದ ವಿಷವನ್ನು ಕರಗಿಸಿ ಹೊಟ್ಟೆಗೆ ಇಳಿಸುತ್ತದೆ.

ಎರಡೂ ಕಡ್ಡಿ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅವನು ಹೊಸ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದ. ಅಪ್ಪಟ ತವರವಾದರೆ ಒಳಗಿನಿಂದ ಕರಕರ ಎನ್ನುತ್ತದೆ. ಸೀಸ ಬೆರೆತದ್ದು ಸುಮ್ಮನೆ ಬಾಗುತ್ತದೆ. ವಾನಳ್ಳಿ, ಸಿದ್ದಾಪುರ, ಯಲ್ಲಾಪುರದ ಹೆಂಗಸರು ಬಸ್ಸಿನಲ್ಲಿ ತಪ್ಪಲೆ ಕಳಿಸುತ್ತಿದ್ದದ್ದು ಈ ಕಿವಿಯ ಮೇಲಿನ ನಂಬಿಕೆಯಿಂದ.

ಆ ಕಿವಿ ಮಂದವಾಗತೊಡಗಿತ್ತು. ಅದು ಗೊತ್ತಿದ್ದದ್ದು ಅವನ ಹೆಂಡತಿ ಪಾರ್ವತವ್ವನಿಗೆ ಮತ್ತು ನನಗೆ. ಊರಿಗೆ ಗೊತ್ತಾದರೆ ಉಣ್ಣುವ ಪಾತ್ರೆ ಯಾರೂ ಕೊಡುವುದಿಲ್ಲ, ಬರೀ ಬಕೆಟ್ಟಿನವನಾಗಿ ಉಳಿಯುತ್ತೇನೆ ಎಂಬುದು ಅವನ ದೊಡ್ಡ ಹೆದರಿಕೆಯಾಗಿತ್ತು.

ಒಂದು ಮಾವಿನ ಕಾಲದಲ್ಲಿ ವಾನಳ್ಳಿಯ ನನ್ನ ತಂಗಿ ವೇದಾ ಒಡೆದ ಹಿತ್ತಾಳೆ ತಪ್ಪಲೆ ಕಳಿಸಿದಳು. ಸತ್ಯನಾರಾಯಣ ಕಥೆಯ ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಮಾಡಲು ಅದೇ ಬೇಕಿತ್ತು. ಹೊಸದಾಗಿ ಬಂದಿದ್ದ ಕಡ್ಡಿಯನ್ನು ಶಂಕ್ರಪ್ಪ ಬಗ್ಗಿಸಿದ. ಏನೂ ಕೇಳಲಿಲ್ಲ. ಕೆಟ್ಟದ್ದು ಕಿವಿಯೇ ಇರಬೇಕು ಎಂದುಕೊಂಡು ಅದರಿಂದಲೇ ಬೆಸೆದು, ನವಸಾಗರದ ಪುಡಿ ಉಜ್ಜಿ ಒಳಗೆಲ್ಲ ಕಲಾಯಿ ಮಾಡಿ ಕಳಿಸಿಬಿಟ್ಟ.

ಊಟದ ದಿನ ಬೆಳಿಗ್ಗೆ ಅವನು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಮನಸ್ಸು ತಡೆಯದೆ ಮಿಕ್ಕ ಕಡ್ಡಿಯನ್ನು ಪಾರ್ವತವ್ವನ ಕಿವಿಯ ಬಳಿ ಬಗ್ಗಿಸಿದ್ದನಂತೆ. ಅವಳಿಗೂ ಕೇಳಲಿಲ್ಲ. ಕೆಟ್ಟದ್ದು ಕಡ್ಡಿ. ನಾನೊಬ್ಬನೇ ಹೋಗಿ ತಪ್ಪಲೆ ತರುತ್ತೇನೆ, ಏನಾದರೊಂದು ನೆಪ ಹೇಳುತ್ತೇನೆ ಎಂದೆ. ಅವನು ಒಪ್ಪಲಿಲ್ಲ. ಇಬ್ಬರೂ ಬಸ್ಸು ಹಿಡಿದೆವು.

ವೇದಾ ನಮ್ಮನ್ನು ಕಂಡು ಹಿತ್ತಿಲ ಬಾಗಿಲಿಗೆ ಬಂದಳು. ಆ ತಪ್ಪಲೆಯಲ್ಲಿ ಅಡುಗೆ ಮಾಡಬೇಡ ಎಂದೆ. "ಅಣ್ಣ, ಅಪ್ಪೆಹುಳಿ ಮಾಡಿ ಆಯ್ದು. ಈಗ ಎಂತ ಮಾಡವು?" ಎಂದಳು.

"ಚೆಲ್ಲಿಬಿಡ್ರಿ ಅವ್ವಾರ," ಎಂದ ಶಂಕ್ರಪ್ಪ. "ಅದರಾಗ ಸೀಸ ಐತಿ. ನನಗ ಕಿವಿ ಸರಿ ಕೇಳಂಗಿಲ್ಲ." ಕಿವಿ ಕೇಳದವರ ಹಾಗೆ ಗಟ್ಟಿಯಾಗಿಯೇ ಹೇಳಿದ. ಚಪ್ಪರದಲ್ಲಿದ್ದ ನೆಂಟರೆಲ್ಲ ತಿರುಗಿ ನೋಡಿದರು.

ವೇದಾ ತಪ್ಪಲೆಯಲ್ಲಿದ್ದದ್ದನ್ನು ಬಚ್ಚಲ ಕಾಲುವೆಗೆ ಚೆಲ್ಲಿದಳು, ಸೊಸೆಯನ್ನು ಕರೆದು ಸ್ಟೀಲ್ ಪಾತ್ರೆಯಲ್ಲಿ ಮತ್ತೆ ಮಾವಿನಕಾಯಿ ಬೇಯಿಸಲು ಹೇಳಿದಳು. ಅಷ್ಟರಲ್ಲಿ ಚಪ್ಪರದ ಹಿರಿಯರೊಬ್ಬರು, "ಕಿವಿ ಕೇಳದ್ದವಂಗೆ ಈ ಕೆಲಸ ಎಂತಕ್ಕೆ?" ಎಂದರು. ಒಂದಿಬ್ಬರು ನಕ್ಕರು. ಏನಂದರು ಎಂದು ಶಂಕ್ರಪ್ಪ ನನ್ನನ್ನು ಕೇಳಿದ. ಊಟ ಮಾಡಿ ಹೋಗಿ ಅಂದರು ಎಂದೆ.

"ಸುಳ್ಳು ಹೇಳಬ್ಯಾಡ್ರಿ ಮಾಸ್ತರ, ನಗೂದು ಕಾಣತೈತಿ," ಎಂದ.

ಊಟ ಮಾಡದೆ ಹೋಗಲು ವೇದಾ ಅವನನ್ನು ಬಿಡಲಿಲ್ಲ. ಮರಳುವಾಗ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಕೆಲವು ವಾರ ಬಕೆಟ್ಟುಗಳಷ್ಟೇ ಬಂದವು. ಆಮೇಲೆ ಸಿದ್ದಾಪುರದ ಕಡೆಯ ಹೆಂಗಸೊಬ್ಬಳು ಹಾಲಿನ ಪಾತ್ರೆ ತಂದಳು. ಶಂಕ್ರಪ್ಪ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. "ನೀವ ಬಗ್ಗಿಸಿ ಕೇಳ್ರಿ. ಕರಕರ ಅಂದ್ರ ಹೇಳ್ರಿ, ಬೆಂಕಿ ಹಾಕತೀನಿ." ಅವಳು ಕಿವಿಗೆ ಹಿಡಿದು ಬಗ್ಗಿಸಿ, ಬೆರಗಾಗಿ ಹೌದೆಂದು ತಲೆಯಾಡಿಸಿದಳು. ಅದೇ ಅಂಗಡಿಯ ಪದ್ಧತಿಯಾಯಿತು. ಪಾತ್ರೆ ತಂದವರು ತಮ್ಮ ಕಿವಿಯಿಂದ ಕೇಳಿ ಹೇಳುವವರೆಗೆ ಅವನು ಕಡ್ಡಿ ಕರಗಿಸುತ್ತಿರಲಿಲ್ಲ. ಮಕ್ಕಳಂತೂ ಅದಕ್ಕಾಗಿಯೇ ತಾಯಂದಿರ ಜೊತೆ ಬರುತ್ತಿದ್ದರು. ವೇದಾಳ ತಪ್ಪಲೆಯನ್ನು ಅವನು ಕೆರೆದು ಮತ್ತೆ ಬೆಸೆದದ್ದೂ ಹಾಗೆಯೇ, ಅವಳೇ ಬಂದು ಕೇಳಿದ ಮೇಲೆ.

ಅವನು ತೀರಿಕೊಂಡ ಮೇಲೆ ಅಂಗಡಿಯ ಸಾಮಾನು ಬನವಾಸಿಯ ಇನ್ನೊಬ್ಬ ಬೆಸುಗೆಯವನಿಗೆ ಹೋಯಿತು. ಕೊಡುವ ಮುಂಚೆ ಪಾರ್ವತವ್ವ ನನ್ನನ್ನು ಕರೆಸಿದಳು. ನೆಲದ ಮೇಲೆ ಕಡ್ಡಿಗಳ ಕಟ್ಟು ಬಿಚ್ಚಿ, ತವರದ್ದನ್ನೂ ಸೀಸದ್ದನ್ನೂ ಬೇರೆ ಮಾಡಲು ಕುಳಿತಿದ್ದಳು. ಅಳಲಿಲ್ಲ. "ನನ್ನ ಕಿವೀನೂ ಈಗ ಅಷ್ಟಕ್ಕಷ್ಟ," ಎಂದು ಒಂದು ಕಡ್ಡಿ ನನ್ನ ಕಡೆ ಚಾಚಿದಳು.

ಬಗ್ಗಿಸಿ ಕೇಳಿದೆ. ಕರಕರ ಎಂದಿತು. ಹೇಳಿದೆ. ಅವಳು ಅದನ್ನು ಬಲಗಡೆ ಇಟ್ಟು ಇನ್ನೊಂದನ್ನು ಕೊಟ್ಟಳು.