ಎದುರುಗಾಳಿಗೆ ಬೆನ್ನು ತಿರುಗಿಸಿದ ಯಾಕೊಮಿನಾ

ಯಾಕೊಮಿನಾ ವಿಸ್ಸೆ ಮೂವತ್ತಾರು ವರ್ಷ ಸೈಕಲ್ಲಿನ ಮೇಲೆ ಅಂಚೆ ಹಂಚಿದವಳು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಸಮುದ್ರದ ಗಾಳಿ ಎದುರಿಗಿರುತ್ತಿತ್ತು. ಮಧ್ಯಾಹ್ನ ಅವಳು ತಿರುಗಿ ಬರುವ ಹೊತ್ತಿಗೆ ಅದೂ ತಿರುಗಿಕೊಂಡು ಮತ್ತೆ ಎದುರಿಗೇ ನಿಲ್ಲುತ್ತಿತ್ತು. ಹವಾಮಾನದವರು ಇದನ್ನು ಒಪ್ಪುತ್ತಿರಲಿಲ್ಲ, ಆದರೆ ಹವಾಮಾನದವರು ಯಾರೂ ವಾಲ್ಖರೆನ್ ಸೀಮೆಯಲ್ಲಿ ಅಂಚೆಯ ಚೀಲ ಹೊತ್ತು ಸೈಕಲ್ ತುಳಿದವರಲ್ಲ.

ನಿವೃತ್ತಿಯ ದಿನ ಕಚೇರಿಯಲ್ಲಿ ಅವಳಿಗೊಂದು ದೊಡ್ಡ ಹೂಗುಚ್ಛ ಕೊಟ್ಟರು. ತನ್ನೂರು ಕೌಡೆಕೆರ್ಕೆಯ ತಿರುವಿನಲ್ಲಿ ಗಾಳಿ ಅದನ್ನು ಕೈಯಿಂದ ಕಿತ್ತು ಕಾಲುವೆಗೆ ಎಸೆಯಿತು. ಯಾಕೊಮಿನಾ ಸೈಕಲ್ ನಿಲ್ಲಿಸಿದಳು. ನೀರಿನಲ್ಲಿ ತೇಲಿಹೋಗುತ್ತಿದ್ದ ಹೂಗಳನ್ನು ನೋಡಿದಳು. ಇನ್ನು ಮೇಲೆ ಎದುರುಗಾಳಿಗೆ ಒಂದು ಗೇಣು ದೂರವೂ ಪೆಡಲ್ ತುಳಿಯುವುದಿಲ್ಲ ಎಂದು ಅಲ್ಲೇ ಶಪಥ ಮಾಡಿ, ಉಳಿದ ಅರ್ಧ ಮೈಲಿ ಸೈಕಲ್ ತಳ್ಳಿಕೊಂಡು ಮನೆ ಸೇರಿದಳು.

ಹಾಗಾದರೆ ಸೈಕಲ್ ಮಾರಿಬಿಡೋಣವೇ ಎಂದು ಗಂಡ ರಿನುಸ್ ಕೇಳಿದ. ಅವನು ಕಡಲ ಒಡ್ಡಿನ ಮೇಲೆ ಹುಲ್ಲು, ಕುರಿ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತನಾದವನು. ಯಾವ ಮಾತನ್ನೂ ನೇರವಾಗಿ ತೆಗೆದುಕೊಳ್ಳುವುದು ಅವನ ಸ್ವಭಾವ. ಆದರೆ ಯಾಕೊಮಿನಾ ಮರುವಾರವೇ ಏಳು ಗೇರಿನ ಹೊಸ ನೀಲಿ ಸೈಕಲ್ ತಂದಳು. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುತ್ತಾರಲ್ಲ, ಅವಳು ತನ್ನನ್ನೇ ತೂರಿಕೊಂಡಳು. ಬೆಳಿಗ್ಗೆ ಎದ್ದು ನೆರೆಮನೆಯ ಬಾವುಟ ನೋಡುವುದು, ಅದು ಯಾವ ದಿಕ್ಕಿಗೆ ಪಟಪಟಿಸುತ್ತದೋ ಆ ದಿಕ್ಕಿಗೆ ಹೊರಡುವುದು, ದಣಿವಾದ ಊರಿನಲ್ಲಿ ಬಟಾಣಿ ಸಾರು ಕುಡಿದು ಸೈಕಲ್ಲನ್ನೂ ಹತ್ತಿಸಿಕೊಂಡು ರೈಲಿನಲ್ಲಿ ವಾಪಸ್ಸು ಬರುವುದು. ಅಪರೂಪಕ್ಕೆ ಮೂಡಣ ಗಾಳಿ ಬೀಸಿದರೆ ಮೊದಲು ರೈಲು, ಆಮೇಲೆ ಸೈಕಲ್. ಹೀಗೆ ಎರಡು ವರ್ಷ ಕಳೆಯಿತು. ಅವಳ ಕೆನ್ನೆ ತುಂಬಿಕೊಂಡವು.

ಊರಿನಲ್ಲಿ ಹವ್ಯಾಸಿ ಸವಾರರದೊಂದು ಕೂಟವಿತ್ತು. ಹೆಸರು ‘ಎದುರುಗಾಳಿ’. ಹದಿನಾಲ್ಕು ಜನ, ಹೆಚ್ಚಿನವರು ಪಿಂಚಣಿಯವರು. ಶನಿವಾರ ಹತ್ತು ಗಂಟೆಗೆ ದೀನಾಳ ಬೇಕರಿಯಲ್ಲಿ ಸೇರಿ ಆ ವಾರದ ಸವಾರಿಯ ಸಮಾಚಾರ ಹೇಳಿಕೊಳ್ಳುವರು. ಯಾರ ಕಥೆ ಎಲ್ಲರಿಗೂ ಹಿಡಿಸುತ್ತದೋ ಅವರಿಗೆ ಆ ದಿನದ ಬೋಲುಸ್ ಪುಕ್ಕಟೆ. ಬೋಲುಸ್ ಎಂದರೆ ದೀನಾ ದಾಲ್ಚಿನ್ನಿ, ಕಂದು ಸಕ್ಕರೆ ಸುರಿದು ಸುರುಳಿ ಸುತ್ತುವ ಬನ್ನು. ತಿಂದ ಮೇಲೆ ಕೈ ತೊಳೆಯದೆ ಹ್ಯಾಂಡಲ್ ಹಿಡಿದರೆ ಕೈ ಅಲ್ಲೇ ಅಂಟಿಕೊಳ್ಳುತ್ತದೆ. ಯಾಕೊಮಿನಾ ಕೂಟಕ್ಕೆ ಸೇರಿದ್ದು ಈ ಬನ್ನಿನ ಆಸೆಗೆ. ಆದರೆ ಅವಳ ಸಮಾಚಾರ ತಂತಿ ಸಂದೇಶದಷ್ಟೇ ಚಿಕ್ಕದು. ಹೋದೆ, ಚೆನ್ನಾಗಿತ್ತು, ಬಂದೆ. ಹೇಗೆ ಬಂದೆ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಬೋಲುಸ್ಸು ವಾರವಾರವೂ ಕ್ರೈನ್ ಮಲ್ಯಾರ್ಸನ ತಟ್ಟೆಗೇ ಬೀಳುತ್ತಿತ್ತು. ಊರಿನ ಶಾಲೆಯಲ್ಲಿ ನಲವತ್ತು ವರ್ಷ ಹೆಡ್‌ಮೇಷ್ಟ್ರಾಗಿದ್ದವನು. ಎತ್ತರದ ಆಳು, ಬಿಳಿ ಮೀಸೆ, ಕೊನೆಯ ಬೆಂಚಿಗೂ ಕೇಳುವ ದನಿ. ಅವನ ಕಥೆಗಳಲ್ಲಿ ಗಾಳಿಗೆ ಹಸುಗಳು ಒಂದಕ್ಕೊಂದು ಒರಗಿ ನಿಲ್ಲುತ್ತಿದ್ದವು. ಕಡಲಹಕ್ಕಿ ಹಿಂದುಹಿಂದಕ್ಕೆ ಹಾರುತ್ತ ಅವನನ್ನು ಎರಡು ಸಲ ದಾಟಿಹೋಗುತ್ತಿತ್ತು. ಒಮ್ಮೆ ಸೇತುವೆಯ ಇಳಿಜಾರಿನಲ್ಲಿ ಗಾಳಿ ತಡೆದದ್ದಕ್ಕೆ ಅವನು ಸೈಕಲ್ಲಿನ ಮೇಲೆ ಕೂತೇ ಸೇಬು ತಿಂದು ಮುಗಿಸಿದ್ದನಂತೆ, ಚಕ್ರ ಒಂದು ಸುತ್ತೂ ಉರುಳಲಿಲ್ಲವಂತೆ. ಎಲ್ಲ ಕಥೆಗಳೂ ಅವನು ಎದುರುಗಾಳಿಯನ್ನು ಸೀಳಿಕೊಂಡು ಮನೆಗೆ ಬರುವಲ್ಲಿ ಮುಗಿಯುತ್ತಿದ್ದವು. ಯಾಕೊಮಿನಾ ಕಾಫಿ ಕುಡಿಯುತ್ತ ಇವನಿಗೆ ಹುಚ್ಚು ಎಂದುಕೊಳ್ಳುತ್ತಿದ್ದಳು. ಒಳಗೊಳಗೇ ಮೆಚ್ಚುತ್ತಲೂ ಇದ್ದಳು.

ಅಕ್ಟೋಬರಿನ ಒಂದು ಗುರುವಾರ ನೈಋತ್ಯದಿಂದ ಬಲವಾದ ಗಾಳಿ ಎದ್ದಿತು. ಹೆಂಚುಗಳು ಕಟಕಟಿಸುತ್ತಿದ್ದವು. ಯಾಕೊಮಿನಾಳಿಗೆ ಹಬ್ಬ. ಒಂಬತ್ತಕ್ಕೆ ಹೊರಟವಳು ಹನ್ನೆರಡರ ಹೊತ್ತಿಗೆಲ್ಲ ಬೆರ್ಗನ್ ಒಪ್ ಜೋಮ್ ಪಟ್ಟಣದಲ್ಲಿದ್ದಳು. ಕಾಲು ಆಡಿಸಿದ್ದಕ್ಕಿಂತ ಬ್ರೇಕು ಹಿಡಿದದ್ದೇ ಹೆಚ್ಚು. ಸಾರು ಕುಡಿದು, ಎರಡು ಗಂಟೆಯ ರೈಲು ಹತ್ತಿ, ಸೈಕಲ್ಲುಗಳ ಬೋಗಿಯಲ್ಲಿ ಮಡಚುವ ಸೀಟಿನ ಮೇಲೆ ಕೂತಳು. ಮುಂದಿನ ನಿಲ್ದಾಣ ರಿಲ್ಲಂಡ್. ಬಾಗಿಲು ತೆರೆಯಿತು. ಮೊದಲು ಒಂದು ಮುಂಚಕ್ರ ಬಂತು, ಆಮೇಲೆ ಬಿಳಿ ಮೀಸೆ.

ಕ್ರೈನ್ ಅವಳನ್ನು ನೋಡಿದವನೇ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ರೈಲು ಹೊರಟಿತು. ಐದು ಕಿಲೋಮೀಟರು ಅವನು ಹೊರಗಿನ ಹೊಲಗಳನ್ನೇ ನೋಡಿದ, ಅವಳು ಅವನ ಸೈಕಲ್ಲನ್ನೇ ನೋಡಿದಳು.

ಕೊನೆಗೆ ಅವನೇ, ಟೈರು ಪಂಕ್ಚರಾಯಿತು ಎಂದು ಕಿಟಕಿಗೆ ಹೇಳಿದ. ಯಾಕೊಮಿನಾ ಎದ್ದು ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕಲ್ಲಿನಷ್ಟು ಗಟ್ಟಿ. ಅಲ್ಲ, ಚೈನು ಕಳಚಿತ್ತು ಎಂದ. ಅವಳು ಪೆಡಲನ್ನು ಒಂದು ಸುತ್ತು ತಿರುವಿದಳು. ಚೈನು ಬೆಣ್ಣೆಯಂತೆ ಓಡಿತು. ಕಳ್ಳನಿಗೊಂದು ಪಿಳ್ಳೆ ನೆವ ಅಂತ ಅವಳಿಗೆ ನಗು ಉಕ್ಕಿ ಬರುತ್ತಿತ್ತು.

“ಎಷ್ಟು ದಿನದಿಂದ, ಮೇಷ್ಟ್ರೇ?” ಎಂದಳು.

“ಈಸ್ಟರಿನಿಂದ,” ಎಂದ ಕ್ರೈನ್. ಬಲಗಾಲಿನ ಮಂಡಿ ಸವೆದಿದೆಯಂತೆ. ಗಾಳಿಗೆದುರು ತುಳಿದರೆ ಒಳಗೆ ಮರಳು ಅರೆದಂತಾಗುತ್ತದಂತೆ. ಹಾಗಿದ್ದರೆ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ಅವಳು ಕೇಳಿದ್ದಕ್ಕೆ ಅವನು ಪಕ್ಕದ ಸೀಟನ್ನು ಬಿಡಿಸಿಕೊಂಡು ಮೆಲ್ಲನೆ ಕೂತ.

“ನಲವತ್ತು ವರ್ಷ ಮಕ್ಕಳು ಬಾಯಿ ಬಿಟ್ಕೊಂಡು ನನ್ನ ಮಾತು ಕೇಳೋರು, ಯಾಕೊಮಿನಾ. ಈಗ ಮನೇಲಿ ರೇಡಿಯೋನೂ ನನ್ನ ಮಾತು ಕೇಳಲ್ಲ. ಶನಿವಾರ ಒಂದಿನ ಕೇಳ್ತಾರೆ.” ಆಮೇಲೆ ದನಿ ತಗ್ಗಿಸಿ, “ಯಾರಿಗೂ ಹೇಳ್ಬೇಡಿ” ಎಂದ.

“ನಾನು ಪೋಸ್ಟಿನವಳು, ಮೇಷ್ಟ್ರೇ. ಇನ್ನೊಬ್ಬರ ಕವರು ಒಡೆದು ಓದೋ ಚಾಳಿ ಇಲ್ಲ ನಂಗೆ.”

ಆದರೆ ಎರಡೇ ದಿನ ಕಳೆದು ಶನಿವಾರ ಬಂದಾಗ, ಇದೇ ಕ್ರೈನ್ ಮೀಸೆ ನೀವಿಕೊಂಡು ಎದ್ದು ನಿಂತ. ಗುರುವಾರದ ಆ ಬಿರುಗಾಳಿಯಲ್ಲಿ ತಾನು ರಿಲ್ಲಂಡಿನಿಂದ ಕೌಡೆಕೆರ್ಕೆಯವರೆಗೆ ಹೇಗೆ ಸೀಳಿಕೊಂಡು ಬಂದೆ ಎಂದು ಕೂದಲೆಳೆಯಷ್ಟೂ ನಾಚಿಕೆಯಿಲ್ಲದೆ ಹೇಳತೊಡಗಿದ. ಯಾಕೊಮಿನಾ ಇರುವ ಕಡೆ ಮಾತ್ರ ನೋಡಲಿಲ್ಲ. ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಅವಳೇ ಗಂಡನಿಗೆ ಹೇಳಿದಂತೆ, ಶಾಲೆಯ ದಿನಗಳ ತುಂಟತನ ಮೈಮೇಲೆ ಬಂತು. ಕಥೆ ಮುಗಿದಾಗ ಅವಳು ಕೈ ಎತ್ತಿದಳು.

“ಮೇಷ್ಟ್ರು ಹೇಳಿದ್ದು ಕಡಿಮೆಯೇ. ರಿಲ್ಲಂಡ್ ಹತ್ರ ನಾನೇ ಕಣ್ಣಾರೆ ನೋಡಿದೆ. ಗಾಳಿ ಎದುರಿಗೇ ಇತ್ತು, ಇವರು ಪೆಡಲ್ ಮೇಲೆ ಕಾಲು ಕೂಡ ಇಟ್ಟಿರಲಿಲ್ಲ. ಒಂದು ಕೂದಲು ಅಲ್ಲಾಡಿರಲಿಲ್ಲ. ಆದ್ರೂ ಮನೆ, ಮರ ಎಲ್ಲ ಸರಸರ ಹಿಂದಕ್ಕೆ ಹೋಗ್ತಿದ್ವು.”

ಬೇಕರಿಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಯಾಕೊಮಿನಾ ಒಂದು ವಾಕ್ಯಕ್ಕಿಂತ ಹೆಚ್ಚು ಮಾತಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅಂಚೆಯವಳು ಸುಳ್ಳು ಹೇಳುವವಳೂ ಅಲ್ಲ. ಕ್ರೈನನ ಕಿವಿ ಕೆಂಪಾದವು. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಈ ವಿದ್ಯೆ ನಮಗೂ ಕಲಿಸಬೇಕು, ಬರುವ ಗುರುವಾರ ಹೂಸ್ ಊರಿಗೆ ಹೋಗೋಣ, ವಾಪಸ್ಸು ಬರುವಾಗ ಮೇಷ್ಟ್ರು ನಮ್ಮನ್ನು ನಡೆಸಲಿ ಎಂದು ತೀರ್ಮಾನವಾಗಿಯೇ ಹೋಯಿತು. ಅವನು ಬೋಲುಸ್ಸನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಬುಧವಾರ ಸಂಜೆ ಅವನ ಫೋನು ಬಂತು. ನಾಳೆ ಗಾಳಿ ಕಳೆದ ವಾರಕ್ಕಿಂತ ಜೋರಂತೆ.

“ನನ್ನ ಕುತ್ತಿಗೆಗೆ ಹಗ್ಗ ಬಿಗಿದ್ರಲ್ಲ ನೀವು,” ಎಂದ.

“ನಾನು ಒಂದು ಸುಳ್ಳಾದ್ರೂ ಹೇಳಿದ್ನಾ, ಮೇಷ್ಟ್ರೇ?”

ಮೇಷ್ಟ್ರಾದದ್ದರಿಂದ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಇಲ್ಲ ಎಂದ.

ಫೋನು ಇಟ್ಟ ಮೇಲೆ ಯಾಕೊಮಿನಾಳಿಗೆ ನಗು ಬರಲಿಲ್ಲ. ಆ ಮಂಡಿಯ ನೆನಪಾಯಿತು. ಸೈಕಲ್ಲಿಗೆ ಎಣ್ಣೆ ಬಿಡತೊಡಗಿದ್ದನ್ನು ಕಂಡು ರಿನುಸ್, ನಿನ್ನ ಶಪಥ ಏನಾಯಿತು ಎಂದ. ಗಾಳಿಯ ಹತ್ತಿರ ಒಂದು ದಿನದ ರಜೆ ಕೇಳಿದ್ದೇನೆ ಎಂದಳು. ಅವನು ನಂಬಿದ.

ಹೂಸ್ ಊರಿನ ತನಕ ಹದಿನಾಲ್ಕು ಜನವೂ ತರಗೆಲೆಗಳಂತೆ ಹಾರಿಕೊಂಡು ಹೋದರು. ಕಾಫಿ ಮುಗಿಸಿ ಪಶ್ಚಿಮಕ್ಕೆ ತಿರುಗಿದಾಗ ಗಾಳಿ ಎದೆಗೆ ಕೈಯಿಟ್ಟು ನೂಕಿತು. ಎಲ್ಲರೂ ಕ್ರೈನನತ್ತ ನೋಡಿದರು. ಅವನು ಬಾಯಿ ತೆರೆಯುವ ಮುಂಚೆ ಯಾಕೊಮಿನಾ ಸೈಕಲ್ ಮುಂದಕ್ಕೆ ಬಿಟ್ಟಳು. ಮಕ್ಕಳ ಲೆಕ್ಕ ಮೇಷ್ಟ್ರೇ ಮಾಡಿಕೊಟ್ಟರೆ ಮಕ್ಕಳು ಕಲಿಯುವುದಿಲ್ಲ, ಅವರು ಹಿಂದಿನಿಂದ ನೋಡುತ್ತಾರೆ, ನಾನು ಮುಂದೆ ಹೋಗುತ್ತೇನೆ ಎಂದಳು. ಕ್ರೈನ್ ಅವಳ ಬೆನ್ನ ಮರೆಗೆ ಬಂದು ಸೇರಿಕೊಂಡ.

ಅಂಚೆಯವರು ಎದುರುಗಾಳಿಯನ್ನು ಸೀಳುವುದಿಲ್ಲ. ಅದಕ್ಕೆ ಕಾಣದಂತೆ ಹೋಗುತ್ತಾರೆ. ಕೆಲಸದ ಮೊದಲ ಹನ್ನೊಂದು ವರ್ಷ ಯಾಕೊಮಿನಾ ಕಾಗದ ಹಂಚಿದ್ದು ಈ ಕಡೆಯ ಹಳ್ಳಿಗಳಿಗೇ. ಯಾವ ಕೊಟ್ಟಿಗೆಯ ಹಿಂದೆ ಉಸಿರು ಬಿಡಬಹುದು, ಯಾವ ಬೇಲಿಯ ಸಾಲು ಎಲ್ಲಿಯತನಕ ಮರೆ ಕೊಡುತ್ತದೆ ಎಂಬುದೆಲ್ಲ ಅವಳ ಕಾಲಿಗೆ ನೆನಪಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಅಂಗಳದಿಂದ ಇನ್ನೊಂದಕ್ಕೆ ಹಾವಿನಂತೆ ಸುತ್ತಿಸಿಕೊಂಡು ಕರೆದೊಯ್ದಳು. ಎರಡು ಕಡೆ ನಾಯಿ ಅಟ್ಟಿಸಿಕೊಂಡು ಬಂತು. ಲೇವೆದೋರ್ಪಿನಲ್ಲಿ ಒಬ್ಬಳು ಮುದುಕಿ ಬಾಗಿಲು ತೆರೆದು, ನನ್ನ ತಂಗಿಯ ಕಾಗದ ತಂದೆಯಾ ಎಂದು ಇಪ್ಪತ್ತೇಳು ವರ್ಷದ ಹಿಂದಿನಂತೆಯೇ ಕೇಳಿದಳು. ಹದಿನಾಲ್ಕೂ ಜನಕ್ಕೆ ಅಲ್ಲೇ ಕಾಫಿಯಾಯಿತು.

ಮರೆ ಸಿಗದ ಜಾಗ ಒಂದೇ, ಸ್ಲೂ ಅಣೆಕಟ್ಟಿನ ಬಯಲು. ಅಲ್ಲಿ ಯಾಕೊಮಿನಾ ಮೊದಲ ಗೇರಿಗೆ ಇಳಿಸಿ, ತಲೆ ತಗ್ಗಿಸಿ, ಗಾಳಿಯನ್ನು ಹಳೆಯ ಬೈಗುಳಗಳಿಂದ ಒಂದೊಂದಾಗಿ ಬಯ್ಯುತ್ತ ತುಳಿದಳು. ಅರ್ಧ ದಾರಿಯಲ್ಲಿ ಬೈಗುಳ ಮುಗಿದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತಾನು ನಗುತ್ತಿದ್ದೇನೆ ಎಂಬುದು ಆಗ ಅವಳಿಗೆ ತಿಳಿಯಿತು. ಹಳೆಯ ಶತ್ರು ಸಿಕ್ಕಾಗಲೂ ಇಷ್ಟು ಸಂತೋಷವಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಹಿಂದಿನಿಂದ ಕ್ರೈನನ ಏದುಸಿರು ಕೇಳುತ್ತಿತ್ತು. ಅದು ಇರುವ ತನಕ ಅವನು ಇದ್ದಾನೆ ಎಂದುಕೊಂಡು ತಿರುಗಿ ನೋಡದೆ ಹೋದಳು.

ಮೂವತ್ತು ಕಿಲೋಮೀಟರಿಗೆ ಐದು ಗಂಟೆ ಹಿಡಿಯಿತು. ಆದರೆ ಒಬ್ಬರೂ ಸೈಕಲ್ ತಳ್ಳಿಕೊಂಡು ಬರಲಿಲ್ಲ. ಎಲ್ಲರೂ ಕ್ರೈನನ ಕೈಕುಲುಕಿದರು. ಎಂಥ ಮೇಷ್ಟ್ರು, ಒಂದು ಮಾತೂ ಆಡದೆ ಕಲಿಸಿಬಿಟ್ಟರು ಎಂದರು.

ಇದು ಅವನಿಗೆ ಅರಗಲಿಲ್ಲ. ಶನಿವಾರ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಮಂಡಿ, ರಿಲ್ಲಂಡ್, ಎರಡು ಗಂಟೆಯ ರೈಲು, ಮಡಚುವ ಸೀಟು, ಒಂದನ್ನೂ ಬಿಡಲಿಲ್ಲ. ದೀನಾ ಕೌಂಟರಿನ ಹಿಂದೆ ಕಣ್ಣೊರೆಸಿಕೊಂಡು ನಕ್ಕಳು. ಕೂಟದವರು ಮೇಜು ಬಡಿದರು. ಇಷ್ಟು ಒಳ್ಳೆಯ ಕಥೆಯನ್ನು ಮೇಷ್ಟ್ರು ಈವರೆಗೆ ಕಟ್ಟಿರಲಿಲ್ಲ ಎಂದು ಎಲ್ಲರ ಅಭಿಪ್ರಾಯವಾಯಿತು. ಕಟ್ಟಿದ್ದಲ್ಲ, ನಿಜ ಎಂದು ಅವನು ಅಂಗಲಾಚಿದ. ನೀವಾದರೂ ಹೇಳಿ ಎಂಬಂತೆ ಯಾಕೊಮಿನಾಳತ್ತ ನೋಡಿದ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದವಳು ಅವಳು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಕಾಫಿಗೆ ಸಕ್ಕರೆ ಹಾಕಿ ಕದಡುತ್ತ ಕೂತಳು. ಆ ದಿನ ಅವನನ್ನು ಕೂಟದ ಅಧ್ಯಕ್ಷನನ್ನಾಗಿ ಆರಿಸಿದರು.

ಜನವರಿಯಲ್ಲಿ ಕ್ರೈನನ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳು ಸೈಕಲ್ ಮುಟ್ಟುವಂತಿಲ್ಲ. ಗುರುವಾರಗಳಂದು ಯಾಕೊಮಿನಾ ರೈಲಿನಿಂದ ಇಳಿದು ನೇರವಾಗಿ ಅವನ ಮನೆಗೆ ಹೋಗುತ್ತಾಳೆ. ಅವನು ಕಿಟಕಿಯ ಪಕ್ಕ ಕಾಲು ಚಾಚಿ ಕೂತು ಕಾಯುತ್ತಿರುತ್ತಾನೆ. ಅವಳು ಆ ದಿನದ ಸವಾರಿಯ ಸಮಾಚಾರ ಹೇಳುತ್ತಾಳೆ. ಮೊದಲ ವಾರ ಮೂರು ವಾಕ್ಯ ಹೇಳಿ ಸುಮ್ಮನಾದಳು. ಅವನು ಬಿಡಲಿಲ್ಲ. ಆಕಾಶ ಹೇಗಿತ್ತು, ದಾರಿಯಲ್ಲಿ ಯಾರು ಸಿಕ್ಕರು, ಟೋಪಿ ಹಾರಿತೋ ಇಲ್ಲವೋ ಎಂದು ಕೇಳಿ ಕೇಳಿ ಒಂದು ಗಂಟೆ ಹೇಳಿಸಿದ. ಈಗ ಅವಳಿಗೂ ನಾಲಿಗೆ ಹೊರಳುತ್ತದೆ. ಮೊನ್ನೆ ಕ್ರಾಪೋಲ್ಡರಿನ ಹತ್ತಿರ ಗಾಳಿಗೆ ಒಂದು ಕುರಿ ಬೇಲಿ ಹಾರಿ ಬಂದು ತನ್ನ ಮುಂದೆ ನಿಂತಿತು ಎಂದಳು.

ಕ್ರೈನ್ ಕಣ್ಣು ಮುಚ್ಚಿ ಯೋಚಿಸಿದ.

“ಒಂದು ಕುರಿ ಸಾಕಾಗಲ್ಲ,” ಎಂದ. “ಮೂರು ಮಾಡಿ.”